ಗುಡ್ಡದ ನೆತ್ತಿಗೆ ಕಾಂಕ್ರೀಟ್ ಬೇಡ, ಕಟ್ಟುವುದಿದ್ದರೆ ಬುಡದಲ್ಲಿ ಕಟ್ಟಿ: ಅರಣ್ಯ ಮತ್ತು ಪ್ರವಾಸೋದ್ಯಮ ಇಲಾಖೆಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರೇ, ಪ್ರವಾಸೋದ್ಯಮ ಸಚಿವರೇ, ಮಲೆನಾಡಿನ ಜಿಲ್ಲಾಧಿಕಾರಿಗಳೇ, ಜೊತೆಗೆ ಈ ಎಲ್ಲ ಕೆಲಸಗಳಿಗೆ ಎಸ್ಟಿಮೇಟ್ ಬರೆಯುವ ಎಂಜಿನಿಯರ್‌ಗಳೇ,

ನಮಸ್ಕಾರ.

ಪ್ರವಾಸಿಗರು ಬರಬಾರದು ಅಂತ ಹೇಳಲು ಈ ಪತ್ರ ಬರೆಯುತ್ತಿಲ್ಲ. ಜನ ಬರಲಿ. ಊರಿನ ಹೋಂಸ್ಟೇ, ಹೋಟೆಲ್, ಜೀಪು ಓಡಿಸುವವರು ಎಲ್ಲರೂ ನಾಲ್ಕು ಕಾಸು ನೋಡಲಿ. ನಾನೂ ಗುಡ್ಡ ಹತ್ತುವವನೇ. ನನಗೂ ಒಳ್ಳೆಯ ದಾರಿ ಬೇಕು, ಜಾರುವ ಜಾಗದಲ್ಲಿ ಹಿಡಿದುಕೊಳ್ಳಲು ಏನಾದರೂ ಬೇಕು, ಇಳಿದು ಬಂದ ಮೇಲೆ ಶೌಚಾಲಯ ಬೇಕು. ಇದೆಲ್ಲ ಕಟ್ಟಲೇಬೇಕು. ಎಲ್ಲಿ ಕಟ್ಟುತ್ತೀರಿ, ಯಾವುದರಿಂದ ಕಟ್ಟುತ್ತೀರಿ, ಎಷ್ಟು ದೊಡ್ಡದು ಕಟ್ಟುತ್ತೀರಿ ಅನ್ನುವುದರ ಬಗ್ಗೆ ಮಾತ್ರ ನನ್ನ ತಕರಾರು.

ಈಗ ಆಗುತ್ತಿರುವುದೇನು ನೋಡಿ. ಒಂದು ಗುಡ್ಡ ಇನ್‌ಸ್ಟಾಗ್ರಾಮಿನಲ್ಲಿ ಹೆಸರಾಗುತ್ತದೆ. ಜನ ಜಾಸ್ತಿ ಆಗುತ್ತಾರೆ. ಕೂಡಲೇ 'ಮೂಲಸೌಕರ್ಯ' ಅಂತ ಒಂದು ಕಡತ ಶುರುವಾಗುತ್ತದೆ. ಅದರಲ್ಲಿ ಯಾವಾಗಲೂ ಅದೇ ಪಟ್ಟಿ: ಕಾಂಕ್ರೀಟ್ ಮೆಟ್ಟಿಲು, ಇಂಟರ್‌ಲಾಕ್ ಇಟ್ಟಿಗೆ, ಸ್ಟೀಲ್ ಕಂಬಿ, ವೀಕ್ಷಣಾ ಗೋಪುರ, ಅಣಬೆ ಆಕಾರದ ಮಂಟಪ, ಸೆಲ್ಫಿ ಪಾಯಿಂಟ್, ಸ್ವಾಗತ ಕಮಾನು. ಸಮುದ್ರ ತೀರವೋ, ಜಲಪಾತವೋ, ಹುಲ್ಲುಗಾವಲೋ, ಶೋಲಾ ಕಾಡೋ, ಎಲ್ಲ ಕಡೆಗೂ ಒಂದೇ ನಕ್ಷೆ. ನಗರದ ಪಾರ್ಕಿಗೆ ಬರೆದ ಎಸ್ಟಿಮೇಟನ್ನೇ ಗುಡ್ಡಕ್ಕೂ ಹಾಕಿದ ಹಾಗೆ ಕಾಣುತ್ತದೆ.

ನಾನು ಕಂಡ ಒಂದು ಗುಡ್ಡದ ಕಥೆ ಹೇಳುತ್ತೇನೆ. ಅದರ ಹೆಸರಾಗಲಿ, ಕೆಲಸ ಮಾಡಿಸಿದ ಕಚೇರಿಯ ಹೆಸರಾಗಲಿ ಇಲ್ಲಿ ಬೇಡ. ಹುಲ್ಲಿನ ಇಳಿಜಾರಿನಲ್ಲಿ ನೇರಕ್ಕೆ ನೇರ ಕಾಂಕ್ರೀಟ್ ಮೆಟ್ಟಿಲು ಹಾಕಿದ್ದರು. ಒಂದು ಮಳೆಗಾಲ ಕಳೆದ ಮೇಲೆ ಹೋದಾಗ ಮೆಟ್ಟಿಲಿನ ಎರಡೂ ಪಕ್ಕ ಮೊಣಕಾಲು ಮುಳುಗುವಷ್ಟು ಆಳದ ಕೊರಕಲು ಬಿದ್ದಿತ್ತು. ಕೆಲವು ಕಡೆ ಮೆಟ್ಟಿಲಿನ ಅಡಿಯ ಮಣ್ಣೇ ತೊಳೆದುಹೋಗಿ ಕಾಂಕ್ರೀಟ್ ಸುಮ್ನೆ ಗಾಳಿಯಲ್ಲಿ ನಿಂತಿತ್ತು. ಕೈ ಹಾಕಿದರೆ ಮೊಣಕೈವರೆಗೆ ಒಳಗೆ ಹೋಯಿತು. ಮೆಟ್ಟಿಲುಗಳ ಎತ್ತರ ಜಾಸ್ತಿಯಾಗಿದ್ದರಿಂದ ಜನ ಅದನ್ನು ಬಿಟ್ಟು ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಿದ್ದರು. ಹಾಗೆ ನಡೆದು ನಡೆದು ಮೆಟ್ಟಿಲಿನ ಪಕ್ಕದಲ್ಲೇ ಇನ್ನೊಂದು ದಾರಿ ಆಗಿತ್ತು, ಅದೂ ಕೊರಕಲಾಗಲು ಶುರುವಾಗಿತ್ತು. ಅಂದರೆ ದುಡ್ಡು ಖರ್ಚಾಯಿತು, ಗುಡ್ಡ ಹಾಳಾಯಿತು, ಜನರಿಗೂ ಉಪಯೋಗಕ್ಕೆ ಬರಲಿಲ್ಲ.

ಯಾಕೆ ಹೀಗಾಗುತ್ತದೆ ಅನ್ನುವುದು ಮಲೆನಾಡಿನಲ್ಲಿ ತೋಟ ಮಾಡಿದ ಯಾರಿಗಾದರೂ ಗೊತ್ತು. ನೀರಿಗೆ ದಾರಿ ಮಾಡಿಕೊಡದೆ ಇಲ್ಲಿ ಏನನ್ನೂ ಕಟ್ಟಲು ಆಗುವುದಿಲ್ಲ. ಅಡಿಕೆ ತೋಟದಲ್ಲಿ ಗಿಡ ನೆಡುವ ಮೊದಲೇ ಬಸಿಗಾಲುವೆ ತೆಗೆಯುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ. ಒಂದು ಸಣ್ಣ ಲೆಕ್ಕ ಹಾಕಿ. 100 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಕಾಂಕ್ರೀಟ್ ದಾರಿ. ಒಂದು ದಿನ 100 ಮಿಲಿಮೀಟರ್ ಮಳೆ ಬಂದರೆ, ಅದೇನು ನಮಗೆ ದೊಡ್ಡ ಮಳೆಯೂ ಅಲ್ಲ, ಆ ದಾರಿಯ ಮೇಲೆ ಮಾತ್ರ ಬೀಳುವ ನೀರು 15,000 ಲೀಟರ್. ಮೊದಲು ಅದರಲ್ಲಿ ಒಂದಷ್ಟಾದರೂ ಹುಲ್ಲಿನ ಬೇರಿನ ನಡುವೆ ಇಳಿಯುತ್ತಿತ್ತು, ಉಳಿದದ್ದು ಹರಡಿಕೊಂಡು ನಿಧಾನಕ್ಕೆ ಹರಿಯುತ್ತಿತ್ತು. ಈಗ ಅಷ್ಟೂ ಒಂದೇ ಗೆರೆಯಲ್ಲಿ ರಭಸದಿಂದ ಇಳಿಯುತ್ತದೆ. ಕಾಂಕ್ರೀಟನ್ನು ಅದು ಕೊರೆಯಲಾರದು, ಪಕ್ಕದ ಮಣ್ಣನ್ನು ಕೊರೆಯುತ್ತದೆ.

ಅದೇ ದಾರಿಗೆ ಬರೀ 10 ಸೆಂಟಿಮೀಟರ್ ದಪ್ಪ ಕಾಂಕ್ರೀಟ್ ಹಾಕಿದರೂ ಅದರ ತೂಕ ಸುಮಾರು 36 ಟನ್. ಅಷ್ಟು ಜಲ್ಲಿ, ಮರಳು, ಸಿಮೆಂಟ್, ನೀರು ಮೇಲೆ ಹೋಗಬೇಕು. ಹೇಗೆ ಹೋಗುತ್ತದೆ? ಪಿಕಪ್ ಹೋಗಲು ಮೊದಲು ಜೆಸಿಬಿ ಒಂದು ದಾರಿ ಕಡಿಯುತ್ತದೆ. 'ತಾತ್ಕಾಲಿಕ' ಅಂತ ಕಡಿದ ಆ ದಾರಿ ಎಂದೂ ಮುಚ್ಚುವುದಿಲ್ಲ. ಮುಂದಿನ ವರ್ಷ ಅದರಲ್ಲೇ ಜೀಪು ಹತ್ತುತ್ತದೆ, ಅದರ ಮರು ವರ್ಷ ಯಾರೋ ಡಾಂಬರು ಕೇಳುತ್ತಾರೆ. ಎಸ್ಟಿಮೇಟಿನಲ್ಲಿ ಮೆಟ್ಟಿಲು ಮಾತ್ರ ಇರುತ್ತದೆ. ಈ ದಾರಿ ಎಲ್ಲೂ ಇರುವುದಿಲ್ಲ.

ಹುಲ್ಲುಗಾವಲನ್ನು ಕಚೇರಿಯ ಕಾಗದದಲ್ಲಿ 'ಖಾಲಿ ಜಾಗ' ಅಂತ ನೋಡುವುದು ನಿಲ್ಲಬೇಕು. ಮರ ಇಲ್ಲ, ಹಾಗಾಗಿ ಇಲ್ಲಿ ಕಟ್ಟಿದರೆ ನಷ್ಟ ಇಲ್ಲ ಅನ್ನುವ ಯೋಚನೆ ಅದು. 2022ರಲ್ಲಿ ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿ ಸಾಲಿನಲ್ಲಿ ನೀಲಕುರಿಂಜಿ ಅರಳಿದಾಗ ಎಷ್ಟು ಜನ ಓಡಿ ಬಂದಿದ್ದರು, ನಿಮಗೇ ನೆನಪಿರಬೇಕು. ಆ ಗಿಡ 12 ವರ್ಷಕ್ಕೊಮ್ಮೆ ಹೂ ಬಿಟ್ಟು, ಬೀಜ ಉದುರಿಸಿ, ಸಾಯುತ್ತದೆ. ಅಂದರೆ 2034ರಲ್ಲಿ ಅರಳಬೇಕಾದ ಹೂವುಗಳೆಲ್ಲ ಆ ಉದುರಿದ ಬೀಜದಿಂದಲೇ ಬರಬೇಕು, ಆ ಎರಡಿಂಚು ಮಣ್ಣಿನಲ್ಲಿ, ಹುಲ್ಲಿನ ನಡುವೆ. ಮಟ್ಟ ಮಾಡಲು ಮಣ್ಣು ಕೆರೆದ ಜಾಗ, ಇಂಟರ್‌ಲಾಕ್ ಹಾಸಿದ ಜಾಗ, ವಾಹನ ನಿಲ್ಲಿಸಿ ಗಟ್ಟಿಯಾದ ಜಾಗ, ಅಲ್ಲೆಲ್ಲ ಏನು ಮೊಳೆಯುತ್ತದೆ? ಯಾವ ಹೂವನ್ನು ತೋರಿಸಲು ವ್ಯೂ ಪಾಯಿಂಟ್ ಕಟ್ಟುತ್ತೀರೋ ಅದೇ ಹೂವಿನ ಮೇಲೆ ಕಟ್ಟುತ್ತಿದ್ದೀರಿ.

ಜಲಪಾತ, ಹಳ್ಳಗಳ ಪಕ್ಕದ ಕೆಲಸ ಇನ್ನೂ ಸೂಕ್ಷ್ಮ. ಶರಾವತಿ ಕಣಿವೆಯ ಕತ್ತಲೆಕಾನಿನಲ್ಲಿ ಒಂದು ಕಪ್ಪೆ ಇದೆ. 2014ರಲ್ಲಿ ಅದನ್ನು ಹೊಸ ಪ್ರಭೇದ ಅಂತ ಗುರುತಿಸಿ ಕುಂಬಾರ ಕಪ್ಪೆ ಅಂತ ಹೆಸರಿಟ್ಟರು. ಹಳ್ಳದ ನೀರಿನ ಮೇಲೆ ಬಾಗಿದ ಕಡ್ಡಿಗೋ ಬಂಡೆಗೋ ಮೊಟ್ಟೆ ಇಟ್ಟಾದ ಮೇಲೆ ಗಂಡು ಕಪ್ಪೆ ಕೆಳಗಿಳಿದು, ಹಳ್ಳದ ತಳದಿಂದ ಕೈಯಲ್ಲಿ ಕೆಸರು ತೆಗೆದುಕೊಂಡು ಬಂದು ಮೊಟ್ಟೆಗೆ ಮೆತ್ತುತ್ತದೆ. ಮತ್ತೆ ಇಳಿಯುತ್ತದೆ, ಮತ್ತೆ ಹತ್ತುತ್ತದೆ. ಅದಕ್ಕೆ ಬೇಕಾದದ್ದು ಹಳ್ಳದ ಅಂಚಿನ ಬಂಡೆ, ಬಾಗಿದ ಕಡ್ಡಿ, ಮೆತ್ತನೆಯ ಕೆಸರು. ನಮ್ಮ ಎಸ್ಟಿಮೇಟಿನಲ್ಲಿ 'ದಡ ಸುಂದರಗೊಳಿಸುವುದು' ಅಂತ ಬರೆದು ಮೊದಲು ತೆಗೆದುಹಾಕುವುದೂ ಇದೇ ಮೂರನ್ನು. ಅದರ ಮೇಲೆ ಹಸಿ ಸಿಮೆಂಟಿನ ನೀರು ಬೇರೆ. ಅದು ಎಷ್ಟು ಖಾರ ಅಂತ ಬರಿಗೈಯಲ್ಲಿ ಕಲಸಿ ಚರ್ಮ ಸುಟ್ಟುಕೊಂಡ ಗಾರೆ ಕೆಲಸದವರನ್ನು ಕೇಳಿ. ಚರ್ಮದಿಂದಲೂ ಉಸಿರಾಡುವ ಕಪ್ಪೆಗೆ, ಗೊದಮೊಟ್ಟೆಗೆ, ಸಣ್ಣ ಮೀನಿಗೆ ಅದು ವಿಷ. ಆದರೂ ಬಾಣಲಿ, ಮಿಕ್ಸರ್ ತೊಳೆಯುವುದು ಎಲ್ಲಿ? ಅದೇ ಹಳ್ಳದಲ್ಲಿ. ಹತ್ತಿರದಲ್ಲಿ ನೀರಿರುವ ಜಾಗ ಅದೊಂದೇ ಅಲ್ವಾ.

ಧರೆ ಕುಸಿತದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಏನಾಯಿತು, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಏನಾಯಿತು, ಎಲ್ಲರೂ ನೋಡಿದ್ದೇವೆ. ಶಿರೂರಿನಲ್ಲಿ ಕುಸಿದದ್ದು ಹೆದ್ದಾರಿಗಾಗಿ ಕಡಿದ ಗುಡ್ಡ. ಪ್ರವಾಸಿ ಮಂಟಪದಿಂದ ಅಂಥ ದೊಡ್ಡ ಅನಾಹುತ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಇಳಿಜಾರಿನ ಬುಡ ಕಡಿದು, ಮೇಲೆ ಭಾರ ಹೇರಿ, ನೀರು ಹೋಗುವ ದಾರಿ ಮುಚ್ಚಿದರೆ ಗುಡ್ಡ ನಿಲ್ಲುವುದಿಲ್ಲ ಅನ್ನುವ ನಿಯಮ ಹೆದ್ದಾರಿಗೂ ಒಂದೇ, ಪಾರ್ಕಿಂಗ್ ಜಾಗಕ್ಕೂ ಒಂದೇ.

ಹಾಗಾದರೆ ಹೇಗೆ ಕಟ್ಟಬೇಕು? ಇದಕ್ಕೆ ಹೊರದೇಶದ ಕನ್ಸಲ್ಟೆಂಟ್ ಬೇಡ.

ದಾರಿಯಿಂದ ಶುರು ಮಾಡೋಣ. ಒಳ್ಳೆಯ ಕಾಲುದಾರಿ ಗುಡ್ಡವನ್ನು ನೇರ ಹತ್ತುವುದಿಲ್ಲ, ಅಡ್ಡಡ್ಡ ಬಳಸಿಕೊಂಡು ಹತ್ತುತ್ತದೆ. ದಾರಿ ಮಾಡುವವರ ಒಂದು ಸರಳ ಲೆಕ್ಕ ಇದೆ: ದಾರಿಯ ಏರು ಆ ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಜಾಸ್ತಿ ಇರಬಾರದು, ಒಟ್ಟಾರೆ 100 ಮೀಟರ್ ನಡೆದರೆ 10 ಮೀಟರ್ ಏರಿದರೆ ಸಾಕು. ದಾರಿಯನ್ನು ಕಣಿವೆಯ ಕಡೆಗೆ ಸ್ವಲ್ಪ ಓರೆ ಮಾಡಿದರೆ ನೀರು ದಾರಿಯುದ್ದಕ್ಕೂ ಓಡದೆ ಅಡ್ಡ ದಾಟಿ ಹೋಗುತ್ತದೆ. ಏರು ಇರುವ ಕಡೆ ಅಲ್ಲಲ್ಲಿ ಅಡ್ಡಕ್ಕೆ ಕಲ್ಲಿನ ಸಾಲು ಇಟ್ಟು ನೀರನ್ನು ಹೊರಗೆ ತಿರುಗಿಸಬೇಕು. ಮೆಟ್ಟಿಲು ಬೇಕೇ ಬೇಕು ಅನ್ನುವ ಕಡಿದಾದ ಜಾಗದಲ್ಲಿ ಮಾತ್ರ ಕಾಡುಕಲ್ಲಿನ ಮೆಟ್ಟಿಲು, ಗಾರೆ ಇಲ್ಲದೆ, ಕಲ್ಲಿಗೆ ಕಲ್ಲು ಕೂರಿಸಿ. ಸಂದಿನಲ್ಲಿ ನೀರು ಇಳಿಯುತ್ತದೆ, ಹುಲ್ಲು ಬರುತ್ತದೆ, ಒಂದು ಕಲ್ಲು ಜಾರಿದರೆ ಅದೊಂದನ್ನೇ ಮತ್ತೆ ಕೂರಿಸಬಹುದು. ಕಾಂಕ್ರೀಟ್ ಒಡೆದರೆ ಪೂರ್ತಿ ಕಿತ್ತು ಹಾಕಬೇಕು, ಅದರ ಚೂರುಗಳನ್ನು ಕಣಿವೆಗೆ ತಳ್ಳುತ್ತಾರೆ. ಗಾರೆ ಇಲ್ಲದ ಕಲ್ಲಿನ ಪಾಗಾರ ಕಟ್ಟುವವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಅವರಿಗೆ ಕೆಲಸ ಕೊಡಿ. ಬರೀ ಒಂದು ಎಚ್ಚರಿಕೆ: ಕಲ್ಲನ್ನು ಹಳ್ಳದಿಂದಲೋ ಪಕ್ಕದ ಇಳಿಜಾರಿನಿಂದಲೋ ಕೀಳಬಾರದು.

ವೀಕ್ಷಣಾ ಕಟ್ಟೆ ಬೇಕಾದರೆ ನೆಲ ಮುಟ್ಟದ ಹಾಗೆ ಕಟ್ಟಿ. ಸತು ಲೇಪಿಸಿದ ಉಕ್ಕಿನ ಸಪೂರ ಕಾಲುಗಳು, ಮಣ್ಣಿಗೆ ತಿರುಪಿನಂತೆ ಇಳಿಸುವ ಬುನಾದಿ, ಬಂಡೆ ಇದ್ದರೆ ಸಣ್ಣ ರಂಧ್ರ ಕೊರೆದು ಆಂಕರ್ ಬೋಲ್ಟ್. ಮೇಲೆ ಜಾಲರಿ ಇರುವ ನೆಲ ಹಾಕಿದರೆ ಮಳೆ ಕೆಳಗಿಳಿಯುತ್ತದೆ, ಬೆಳಕೂ ಸ್ವಲ್ಪ ಇಳಿಯುತ್ತದೆ, ಅಡಿಯಲ್ಲಿ ಹುಲ್ಲು ಉಳಿಯುತ್ತದೆ. ಇಡೀ ಕಟ್ಟೆಯನ್ನು ಭಾಗ ಭಾಗವಾಗಿ ಹೊತ್ತುಕೊಂಡು ಹೋಗಿ ಬೋಲ್ಟ್ ಹಾಕಿ ಜೋಡಿಸಬಹುದು. ನನಗೆ ಅತಿ ಮುಖ್ಯ ಅನ್ನಿಸುವುದು ಇದು: ನಾಳೆ ಆ ಜಾಗ ತಪ್ಪು ಅಂತ ಗೊತ್ತಾದರೆ ಬೋಲ್ಟ್ ಬಿಚ್ಚಿ ವಾಪಸ್ ತರಬಹುದು. ಬಿಚ್ಚಲು ಬಾರದ ಯಾವುದನ್ನೂ ಕಾಡಿನೊಳಗೆ ಕಟ್ಟಬಾರದು ಅಂತ ಒಂದು ಆದೇಶ ಹೊರಡಿಸಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಪರಿಸರಸ್ನೇಹಿ ಅಂದ ಕೂಡಲೇ ಎಲ್ಲರೂ ಬಿದಿರು ಅನ್ನುತ್ತಾರೆ. ಬಿದಿರು ಒಳ್ಳೆಯದೇ. ಆದರೆ ನಮ್ಮ ಮಳೆಗೆ ಬಯಲಲ್ಲಿ ಇಟ್ಟರೆ ಎರಡು ಮೂರು ವರ್ಷಕ್ಕೆ ಕೊಳೆಯುತ್ತದೆ, ಬೋರಾಕ್ಸ್ ಹಾಕಿ ಹದ ಮಾಡಿದ್ದರೂ ಅದು ಮಳೆಯಲ್ಲಿ ತೊಳೆದುಹೋಗುತ್ತದೆ. ಮಾಡಿನ ಅಡಿಗೆ, ಒಣ ಜಾಗಕ್ಕೆ ಮಾತ್ರ ಅದನ್ನು ಬಳಸಿ. ಲಂಟಾನ ಕೂಡ ಹಾಗೆಯೇ. ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಕಾಡಿಗೆ ಹಬ್ಬಿದ ಲಂಟಾನ ಕಡಿದು ಕುರ್ಚಿ, ಬೆಂಚು ಮಾಡುತ್ತಾರೆ. ಆ ಭಾಗದ ಟಿಕೆಟ್ ಕೌಂಟರ್, ಮಾಹಿತಿ ಕೇಂದ್ರದ ಪೀಠೋಪಕರಣ ಎಲ್ಲ ಅವರಿಂದಲೇ ತರಿಸಬಹುದಲ್ಲ? ಕಾಡಿಗೆ ಬೇಡದ ಗಿಡ ಹೋಗುತ್ತದೆ, ಕಾಡಿನ ಜನಕ್ಕೆ ಸಂಬಳ ಸಿಗುತ್ತದೆ. ಅದು ಬಿಟ್ಟು ಮರದ ದಿಮ್ಮಿಯ ಹಾಗೆ ಬಣ್ಣ ಬಳಿದ ಸಿಮೆಂಟ್ ಬೆಂಚುಗಳನ್ನು ಲಾರಿಯಲ್ಲಿ ತಂದು ಇಳಿಸುವುದು ಯಾರಿಗೆ ಬೇಕು?

ಹಳ್ಳ ದಾಟಲು ಏನು ಮಾಡಬೇಕು ಅನ್ನುವುದಕ್ಕೂ ಉತ್ತರ ನಮ್ಮಲ್ಲೇ ಇದೆ. ಸುಳ್ಯದ ಗಿರೀಶ್ ಭಾರದ್ವಾಜ್ ಅವರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದರು. ಆಮೇಲೆ ಅಂಥ ನೂರಕ್ಕೂ ಹೆಚ್ಚು ಸೇತುವೆ ಕಟ್ಟಿದರು, 2017ರಲ್ಲಿ ಪದ್ಮಶ್ರೀ ಬಂತು. ಎರಡು ದಡದಲ್ಲಿ ಗೋಪುರ, ನಡುವೆ ಉಕ್ಕಿನ ಹಗ್ಗ, ನಡೆಯಲು ಹಲಗೆ. ಹೊಳೆಯ ನಡುವೆ ಕಂಬ ಇಲ್ಲ, ನೀರಿಗೆ ಅಡ್ಡಿ ಇಲ್ಲ. ಅದಕ್ಕೂ ಮೊದಲು ನಮ್ಮ ಹಿರಿಯರು ಅಡಿಕೆ ಮರದ ದಬ್ಬೆ ಹಾಕಿ ಕಾಲುಸಂಕ ಮಾಡುತ್ತಿದ್ದರು. ಚಾರಣದ ದಾರಿಯಲ್ಲಿ ಸಿಗುವ ಹಳ್ಳಕ್ಕೆ ಇಂಥ ಹಗುರ ಸಂಕ ಸಾಕು, ಪೈಪು ಹೂತು ಮೇಲೆ ಕಾಂಕ್ರೀಟ್ ಹಾಕುವ ಮೋರಿ ಬೇಡ. ಆ ಪೈಪಿಗೆ ಮೊದಲ ಮಳೆಗೇ ಕಸಕಡ್ಡಿ ಕಟ್ಟಿಕೊಂಡು ನೀರು ಪಕ್ಕದ ದಡ ಕೊರೆಯುತ್ತದೆ.

ಇನ್ನು ಎಲ್ಲಿ ಕಟ್ಟಬೇಕು ಅನ್ನುವ ಮಾತು. ಶೌಚಾಲಯ, ಅಂಗಡಿ, ಪಾರ್ಕಿಂಗ್, ಟಿಕೆಟ್ ಕೌಂಟರ್, ಬ್ಯಾಗು ತಪಾಸಣೆ, ಎಲ್ಲವೂ ಬುಡದಲ್ಲಿ ಇರಲಿ. ಸಾಧ್ಯವಾದರೆ ಕಾಡಿನ ಗಡಿಯ ಹೊರಗೆ, ಊರಿನ ಹತ್ತಿರ, ಮೊದಲೇ ಹಾಳಾಗಿರುವ ಜಾಗದಲ್ಲಿ. ಮೇಲೆ ಶೌಚಾಲಯ ಕಟ್ಟಿ ಇಂಗುಗುಂಡಿ ತೆಗೆದರೆ ಏನಾಗುತ್ತದೆ ಗೊತ್ತಾ? ಗುಡ್ಡದ ತಲೆಯಲ್ಲಿ ಮಣ್ಣಿನ ಪದರ ತೆಳು, ಕೆಳಗೆ ಬಂಡೆ. ಗುಂಡಿಗೆ ಹೋದದ್ದು ಬಂಡೆಯ ಮೇಲೆ ಜಾರಿ ಕೆಳಗಿನ ಜರಿಗೆ ಸೇರುತ್ತದೆ. ಆ ಜರಿಗೇ ಪೈಪು ಹಾಕಿ ಕೆಳಗಿನ ಮನೆಯವರು ಅಬ್ಬಿ ನೀರು ತಂದುಕೊಂಡಿರುತ್ತಾರೆ, ಕುಡಿಯಲು, ಅಡುಗೆಗೆ, ಎಲ್ಲದಕ್ಕೂ. ಬೆಂಗಳೂರಿನಿಂದ ಬಂದವರ ಎರಡು ಗಂಟೆಯ ಅನುಕೂಲಕ್ಕೆ ಆ ಮನೆಯ ಮಕ್ಕಳು ಕಾಯಿಲೆ ಬೀಳಬಾರದು. ತೀರಾ ಉದ್ದದ ಚಾರಣದಲ್ಲಿ ಮೇಲೂ ಬೇಕೇ ಬೇಕು ಅಂತಾದರೆ ನೀರು ಬೇಡದ ಗೊಬ್ಬರದ ಶೌಚಾಲಯ ಇಡಿ, ತೊಟ್ಟಿ ತುಂಬಿದಾಗ ಕೆಳಗೆ ತರುವ ವ್ಯವಸ್ಥೆ ಮಾಡಿ.

ವಯಸ್ಸಾದವರು, ಗಾಲಿಕುರ್ಚಿಯಲ್ಲಿ ಬರುವವರು ನೋಡುವುದು ಬೇಡವಾ ಅಂತ ಕೇಳುತ್ತಾರೆ. ಖಂಡಿತ ಬೇಕು, ಅವರ ಹಕ್ಕು ಅದು. ಅದಕ್ಕೆ ಈಗಾಗಲೇ ಇರುವ ಡಾಂಬರು ರಸ್ತೆಯ ಪಕ್ಕದಲ್ಲೇ, ಕಣಿವೆ ಚೆನ್ನಾಗಿ ಕಾಣುವ ಒಂದು ಕಡೆ, ಇಳಿಜಾರು ಹಾದಿ ಇರುವ ಅಚ್ಚುಕಟ್ಟಾದ ಕಟ್ಟೆ ಕಟ್ಟಿ. ಅದಕ್ಕೆ ದುಡ್ಡು ಸುರಿಯಿರಿ, ನಾನು ಮೊದಲು ಚಪ್ಪಾಳೆ ತಟ್ಟುತ್ತೇನೆ. ಅವರ ಹೆಸರು ಹೇಳಿ ನೆತ್ತಿಯವರೆಗೆ ರಸ್ತೆ ಎಳೆದರೆ ಅಲ್ಲಿಗೆ ಹೋಗುವುದು ಅವರಲ್ಲ, ಹಾರ್ನ್ ಹೊಡೆಯುವ ಎಸ್‌ಯುವಿಗಳು.

ಗಾತ್ರದ ವಿಷಯದಲ್ಲಿ ನೀವೇ ಒಂದು ಒಳ್ಳೆಯ ಹೆಜ್ಜೆ ಇಟ್ಟಿದ್ದೀರಿ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಸಾವಿರಾರು ಜನ ಒಟ್ಟಿಗೆ ನುಗ್ಗಿದ ಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣ ನಿಲ್ಲಿಸಿದಿರಿ. ಅದೇ ವರ್ಷ ಅಕ್ಟೋಬರಿನಲ್ಲಿ ಬುಕಿಂಗ್ ವ್ಯವಸ್ಥೆ ತಂದು, ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ ಹಾಕಿದಿರಿ. ಅದು ಸರಿಯಾದ ಕೆಲಸ. ಅದನ್ನೇ ಮುಂದುವರಿಸಿ ಅಂತ ಕೇಳುತ್ತಿದ್ದೇನೆ. ಮೊದಲು ಎಷ್ಟು ಜನ ಅಂತ ತೀರ್ಮಾನ ಆಗಲಿ, ಆಮೇಲೆ ಅಷ್ಟು ಜನಕ್ಕೆ ಏನು ಬೇಕೋ ಅಷ್ಟನ್ನೇ ಕಟ್ಟಿ. ಈಗ ಹೆಚ್ಚಿನ ಕಡೆ ತಿರುಗಾಮುರುಗಾ ನಡೆಯುತ್ತಿದೆ: ದೊಡ್ಡದು ಕಟ್ಟುತ್ತಾರೆ, ಅದು ತುಂಬಲು ಜನರನ್ನು ಕರೆಯುತ್ತಾರೆ, ಜನ ತುಂಬಿದರು ಅಂತ ಇನ್ನೂ ದೊಡ್ಡದು ಕಟ್ಟುತ್ತಾರೆ.

ಗಾಜಿನ ಸೇತುವೆ, ರಾತ್ರಿಯ ಬಣ್ಣದ ಲೈಟು ಇವುಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಗಾಜು ಹಕ್ಕಿಗೆ ಕಾಣುವುದಿಲ್ಲ, ಬಡಿದು ಸಾಯುತ್ತದೆ. ಮಳೆಗಾಲದ ಮುಂಚಿನ ರಾತ್ರಿಗಳಲ್ಲಿ ಮಿಂಚುಹುಳು ಒಂದನ್ನೊಂದು ಹುಡುಕುವುದು ಬೆಳಕಿನಿಂದ, ನಮ್ಮ ಫ್ಲಡ್‌ಲೈಟ್ ಅದನ್ನು ಮುಚ್ಚಿಹಾಕುತ್ತದೆ. ಕಾಡಿನೊಳಗೆ ಎರಡೂ ಬೇಡ.

ಕಾನೂನಿನ ಒಂದು ಮಾತು ಹೇಳಲೇಬೇಕು. 2023ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ಬಂತು. ಅರಣ್ಯ ಇಲಾಖೆಯ ಕಾರ್ಯಯೋಜನೆಯಲ್ಲಿ ಸೇರಿಸಿದ ಪರಿಸರ ಪ್ರವಾಸೋದ್ಯಮದ ಸೌಲಭ್ಯಗಳು ಈಗ 'ಅರಣ್ಯೇತರ ಉದ್ದೇಶ'ದ, ಅಂದರೆ ಕೇಂದ್ರದ ಒಪ್ಪಿಗೆ ಬೇಕಾದ ಕೆಲಸಗಳ ಪಟ್ಟಿಯಲ್ಲಿ ಇಲ್ಲ. ಅಂದರೆ ಮೊದಲಿದ್ದ ಒಂದು ದೊಡ್ಡ ತಡೆ ಹೋಯಿತು. ಈಗ ಒಂದು ಗುಡ್ಡದ ಮೇಲೆ ಏನು ಏಳಬೇಕು ಅನ್ನುವುದು ಬಹುಪಾಲು ನಿಮ್ಮ ಇಲಾಖೆಯ ಒಳಗೇ ತೀರ್ಮಾನ ಆಗುತ್ತದೆ. ಉತ್ತರಾಖಂಡದ ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಪಾಖ್ರೋ ಸಫಾರಿ ಹೆಸರಲ್ಲಿ ಅಕ್ರಮ ಕಟ್ಟಡ ಎದ್ದು ಮರಗಳು ಬಿದ್ದು, 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಛೀಮಾರಿ ಹಾಕಿದ್ದು ನಿಮಗೆ ಗೊತ್ತೇ ಇದೆ. ಪಶ್ಚಿಮ ಘಟ್ಟದಲ್ಲಿ 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದ 39 ತಾಣಗಳಲ್ಲಿ 10 ನಮ್ಮ ರಾಜ್ಯದಲ್ಲಿವೆ, ಕುದುರೆಮುಖ, ಪುಷ್ಪಗಿರಿ, ಆಗುಂಬೆ, ತಲಕಾವೇರಿ ಎಲ್ಲ ಅದರಲ್ಲೇ ಬರುತ್ತವೆ. ಇಲ್ಲಿ ಅಂಥದ್ದು ಆಗುವ ಮೊದಲೇ ಕಟ್ಟುವ ನಿಯಮ ಬರೆದಿಡಿ.

ಕೊನೆಯದಾಗಿ ಕೆಲಸದ ಸಮಯ. ಆರ್ಥಿಕ ವರ್ಷ ಮುಗಿಯುತ್ತದೆ ಅಂತ ಫೆಬ್ರವರಿ, ಮಾರ್ಚಿನಲ್ಲಿ ಅವಸರವಾಗಿ ಮಣ್ಣು ಅಗೆಯುತ್ತಾರೆ. ಹುಲ್ಲು ಒಣಗಿರುವ ಹೊತ್ತು, ಕೆಲಸಗಾರರ ಒಲೆಯ ಒಂದು ಕಿಡಿ ಸಾಕು ಗುಡ್ಡ ಹೊತ್ತಿಕೊಳ್ಳಲು. ಅಗೆದ ಮಣ್ಣಿಗೆ ಹುಲ್ಲು ಹಿಡಿಯುವ ಮೊದಲೇ ಜೂನ್ ಮಳೆ ಬಂದು ಎಲ್ಲ ಹಳ್ಳಕ್ಕೆ. ಮಳೆ ನಿಂತ ಕೂಡಲೇ, ನವೆಂಬರಿನಲ್ಲಿ ಶುರು ಮಾಡಿ ಜನವರಿಗೆ ಮುಗಿಸಿ. ಅಗೆಯುವ ಮೊದಲು ಹುಲ್ಲಿನ ಹೆಂಟೆಯನ್ನು ಬೇರುಸಮೇತ ಎತ್ತಿ ನೆರಳಲ್ಲಿಟ್ಟು, ನೀರು ಚಿಮುಕಿಸಿ, ಕೆಲಸ ಮುಗಿದ ಮೇಲೆ ಅಲ್ಲೇ ಕೂರಿಸಿ. ಕಟ್ಟುವ ದುಡ್ಡಿನಲ್ಲಿ ಒಂದು ಪಾಲನ್ನು ಐದು ವರ್ಷದ ನಿರ್ವಹಣೆಗೆ ಮೊದಲೇ ತೆಗೆದಿಡಿ. ಊರಿನ ನಾಲ್ಕು ಜನಕ್ಕೆ ಮಳೆಗಾಲ ಪೂರ್ತಿ ಗುದ್ದಲಿ ಹಿಡಿದು ದಾರಿ ಸುತ್ತುವ ಕೆಲಸ ಕೊಟ್ಟರೆ, ಅಡ್ಡಗಾಲುವೆಗೆ ಬಿದ್ದ ಎಲೆ ತೆಗೆಯುತ್ತಾರೆ, ಜಾರಿದ ಕಲ್ಲು ಕೂರಿಸುತ್ತಾರೆ. ಹೊಸ ಮೆಟ್ಟಿಲಿಗಿಂತ ಇದು ಎಷ್ಟೋ ಅಗ್ಗ. ಉದ್ಘಾಟನೆಯ ಫಲಕ ಹಾಕಲು ಮಾತ್ರ ಜಾಗ ಸಿಗುವುದಿಲ್ಲ.

ಈ ಸಲದ ಟೆಂಡರ್ ಕರೆಯುವ ಮೊದಲು ಪ್ರತಿ ಜಾಗದ ನಕ್ಷೆ ಮತ್ತು ಎಸ್ಟಿಮೇಟನ್ನು ಆಯಾ ಗ್ರಾಮ ಪಂಚಾಯಿತಿಯಲ್ಲಿ ಒಂದು ತಿಂಗಳು ನೋಡಲು ಇಡಿ, ಕನ್ನಡದಲ್ಲಿ. ಸಾಮಾನು ಸಾಗಿಸುವ ದಾರಿ ಯಾವುದು, ಮಳೆ ನೀರು ಎಲ್ಲಿಗೆ ಹೋಗುತ್ತದೆ, ಕೆಳಗೆ ಯಾರ ಅಬ್ಬಿ ಇದೆ, ಈ ಮೂರನ್ನು ನಕ್ಷೆಯ ಮೇಲೆ ಗುರುತು ಹಾಕಿರಲಿ. ಊರಿನವರು ನೋಡಿ ಹೇಳುತ್ತಾರೆ, ಯಾವ ಜಾಗದಲ್ಲಿ ಹೋದ ಆಷಾಢದಲ್ಲಿ ಧರೆ ಬಿರುಕು ಬಿಟ್ಟಿತ್ತು, ಯಾವ ಜಾಗದಲ್ಲಿ ಆಗಸ್ಟಿನಲ್ಲಿ ಒರತೆ ಏಳುತ್ತದೆ ಅಂತ. ಅವರು ಹೇಳಿದ್ದನ್ನು ಬರೆದುಕೊಂಡ ಮೇಲೆ ಎಸ್ಟಿಮೇಟಿಗೆ ಸಹಿ ಹಾಕಿ.

ಇಂತಿ,
ಮಲೆನಾಡಿನ ಒಬ್ಬ ಚಾರಣಿಗ